ಗೆರೆಯಾಚೆ ಎರಡು ಹೆಜ್ಜೆ

ಎಲ್ಡನ್ ಬೆಳಿಗ್ಗೆ ಏನು ತಿನ್ನಬೇಕೆಂದುಕೊಂಡಿದ್ದ ಎಂಬುದು ತನಗೆ ಇನ್ನೆಂದೂ ಗೊತ್ತಾಗುವುದಿಲ್ಲ ಎಂದು ರೋಂಡಾಗೆ ಹೊಳೆದದ್ದು ಮೊಣಕಾಲಿನ ಕವಚದ ಪಟ್ಟಿ ಬಿಗಿಯುತ್ತಿದ್ದಾಗ. ಕಾರಿನ ಹಿಂಬಾಗಿಲು ತೆರೆದು, ಅದರ ಅಂಚಿನ ಮೇಲೆ ಕೂತು, ಗಂಡನ ಅಂಪೈರು ಕವಚವನ್ನು ತನ್ನ ಕಾಲಿಗೆ ಕಟ್ಟಿಕೊಳ್ಳುತ್ತಿದ್ದಳು. ಪಟ್ಟಿ ಅವನ ಕಾಲಿನ ಅಳತೆಗೆ ಸವೆದುಹೋಗಿತ್ತು. ಎಷ್ಟು ಎಳೆದರೂ ಅವಳ ಕಾಲಿಗೆ ಸಡಿಲವೇ. ಹೋಟೆಲಿನಲ್ಲಿ ಅವನು ತಿಂಡಿಗಳ ಹಾಳೆಯನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಒಂದು ಸಾಲಿನ ಮೇಲೆ ಹೆಬ್ಬೆರಳಿಟ್ಟು ನೋಡಿದ್ದ. ಬಡಿಸುವ ಹುಡುಗಿ ಪೆನ್ಸಿಲು ಹಿಡಿದು ನಿಂತಿದ್ದಳು. ಅವನ ನಾಲಿಗೆ ಮೇಲಿನ ಹಲ್ಲಿಗೆ ತಾಗಿತು, ಬಿಟ್ಟಿತು, ಮತ್ತೆ ತಾಗಿತು. ಗಂಟಲಿನಿಂದ ಹೊರಟ ಶಬ್ದ ಹಲ್ಲಿನ ಹಿಂದೆ ಬಂದು ನಿಂತದ್ದು, ಹೊರಬರಲು ದಾರಿ ಕಾಣದೆ ಅಲ್ಲೇ ತಿರುಗುತ್ತಿದ್ದದ್ದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಪಕ್ಕದ ಮೇಜಿನ ಹೆಂಗಸು ಫೋರ್ಕು ಎತ್ತಿದ್ದವಳು ಹಾಗೇ ತಡೆದಳು. ಹುಡುಗಿ ಪೆನ್ಸಿಲನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದಳು. ಅಷ್ಟೇ ಆದದ್ದು. ಯಾರೂ ಏನೂ ಅನ್ನಲಿಲ್ಲ, ನಗಲಿಲ್ಲ. ಆದರೂ ರೋಂಡಾ, ಅವರಿಗೆ ಯಾವಾಗಲೂ ಎರಡು ಮೊಟ್ಟೆ, ಸುಟ್ಟ ಬ್ರೆಡ್ಡು, ಎಂದುಬಿಟ್ಟಳು. ಹುಡುಗಿ ಬರೆದುಕೊಂಡು ಹೋದಳು. ಎಲ್ಡನ್ ಬಾಯಿ ಮುಚ್ಚಿದ. ಹಾಳೆಯ ಮೇಲಿದ್ದ ಹೆಬ್ಬೆರಳನ್ನು ಮೆಲ್ಲಗೆ ತೆಗೆದ. ಮೊಟ್ಟೆ ಬಂದಾಗ ಒಂದು ಚೂರೂ ಬಿಡದೆ ತಿಂದ. ತಟ್ಟೆ ಪಕ್ಕಕ್ಕೆ ಸರಿಸಿದ್ದರೆ, ಒಂದು ಸಲ ಸಿಡುಕಿದ್ದರೆ, ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮಾತು ಕಲಿಸುವ ಹೆಂಗಸು ಮೊದಲ ದಿನವೇ ಹೇಳಿದ್ದಳು. ಎಳೆಯ ವಯಸ್ಸಿನವಳು, ಮಕ್ಕಳಿಗೆ ತೋರಿಸುವಂಥ ಚಿತ್ರಗಳನ್ನು ಎಲ್ಡನ್ ಮುಂದೆ ಹರಡಿ, ರೋಂಡಾ ಕಡೆ ತಿರುಗಿ, "ಅವ್ರು ಪದ ಹುಡುಕ್ತಾ ಇರ್ತಾರೆ ಮೇಡಂ. ನೀವು ಕೊಟ್ಬಿಟ್ರೆ ಹುಡುಕೋದು ನಿಂತುಹೋಗುತ್ತೆ. ಕಾಯಿರಿ, ಅಷ್ಟೇ ನಿಮ್ ಕೆಲಸ" ಎಂದಿದ್ದಳು. ರೋಂಡಾ ತಲೆಯಾಡಿಸಿದ್ದಳು. ಕಾಯುವುದು ಅವಳಿಗೆ ಹೊಸದಲ್ಲ. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಲಕ್ವ ಹೊಡೆದ ಅವನ ಬಲಗೈಗೆ ಜೀವ ಬರುತ್ತದೋ ಇಲ್ಲವೋ ಎಂದು, ಇಡೀ ಚಳಿಗಾಲ ಕಾದವಳು. ಆದರೆ ಇದು ಬೇರೆ ಥರದ ಕಾಯುವಿಕೆ. ಅವನು ತಡವರಿಸುವುದನ್ನು ಅವಳು ತಾಳಬಲ್ಲಳು. ಅವನು ತಡವರಿಸುವುದನ್ನು ಬೇರೆಯವರು ನೋಡುವುದನ್ನು ತಾಳಲಾರಳು. ಹಾಗಾಗಿ ಅವನಿಗಿಂತ ಮೊದಲೇ ಓಡಿಹೋಗಿ ಆ ಜಾಗದಲ್ಲಿ ನಿಂತುಬಿಡುತ್ತಿದ್ದಳು. ಅಂಗಿಯ ಗುಂಡಿ ಹಾಕುತ್ತಿದ್ದಳು, ಫೋನು ಎತ್ತುತ್ತಿದ್ದಳು, ಅಂಚೆಯವನಿಗೆ ಅವನ ಪರವಾಗಿ ಹೇಗಿದ್ದೀಯಪ್ಪಾ ಅನ್ನುತ್ತಿದ್ದಳು. ರಾತ್ರಿ ದೀಪ ಆರಿಸಿದ ಮೇಲೆ ಅವನು ಏನೋ ಹೇಳಹೊರಟರೆ ಮಾತ್ರ, ನೋಡುವವರು ಯಾರೂ ಇಲ್ಲದ ಆ ಹೊತ್ತಿನಲ್ಲಿ, ಅವಳಿಗೆ ಎಷ್ಟು ಬೇಕಾದರೂ ತಾಳ್ಮೆಯಿರುತ್ತಿತ್ತು. ಈಚೆಗೆ ಆ ಹೊತ್ತಿನಲ್ಲಿ ಅವನು ಏನನ್ನೂ ಹೇಳುತ್ತಿರಲಿಲ್ಲ.

ಬೇಸ್‌ಬಾಲ್ ಮೈದಾನದ ಅಂಚಿನ ಡೇರೆಯಲ್ಲಿ ಚರ್ಚಿನ ಹೆಂಗಸರು ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬುಗಳನ್ನು ಬೆಣ್ಣೆಯಲ್ಲಿ ಹುರಿಯುತ್ತಿದ್ದರು; ಈರುಳ್ಳಿಯ ಘಮ ನದಿಯ ಕಡೆಯಿಂದ ಬರುವ ಗಾಳಿಯಲ್ಲಿ ಸೇರಿ ಆಟಗಾರರ ಬೆಂಚಿನವರೆಗೂ ಬರುತ್ತಿತ್ತು. ಕೆಳಗೆ ನದಿಯಲ್ಲಿ ಕಲ್ಲಿದ್ದಲಿನ ದೋಣಿಯೊಂದು ಅವಸರವೇ ಇಲ್ಲದೆ ಹೋಗುತ್ತಿತ್ತು. ಎಲ್ಡನ್ ತಂತಿಬಲೆಯ ಹಿಂದೆ ಮಡಿಸುವ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ಬ್ಯಾಟು ಹಿಡಿದವನ ಬೆನ್ನಿಗೆ ನೇರವಾಗಿ, ಅಂಪೈರಿನ ಬೆನ್ನಿಗೂ ನೇರವಾಗಿ. ಅವನು ಈ ಮೈದಾನದಲ್ಲಿ ಅಂಪೈರಾಗಿದ್ದಾಗ ಮಕ್ಕಳಾಗಿ ಆಡಿದವರು ಈಗ ತಮ್ಮ ಮಕ್ಕಳನ್ನು ಕರೆತರುತ್ತಿದ್ದರು. ರೋಂಡಾ ನಿಯಮ ಕಲಿತದ್ದು ಓದಿಯಲ್ಲ, ಅವನ ಬಟ್ಟೆಯ ಧೂಳು ಕೊಡವುತ್ತ, ಅವನಿಗೆ ಬಡಿಸುತ್ತ. ಈ ವಸಂತದಲ್ಲಿ ಲೀಗಿಗೆ ಅಂಪೈರು ಸಿಗದೆ ಪಂದ್ಯಗಳು ನಿಲ್ಲುವ ಹಾಗಾದಾಗ, ನಾನು ನಿಲ್ಲುತ್ತೇನೆ ಎಂದು ಅವಳ ಬಾಯಿಂದ ಬಂದುಬಿಟ್ಟಿತು. ಎಲ್ಡನ್ ಅವಳನ್ನು ಬಹಳ ಹೊತ್ತು ನೋಡಿ, ನೆಲಮಾಳಿಗೆಗೆ ಒಂದೊಂದೇ ಮೆಟ್ಟಿಲು ಇಳಿದುಹೋಗಿ, ಮುಖಗವಚವನ್ನು ಎಡಗೈಯಲ್ಲಿ ತೂಗಾಡಿಸಿಕೊಂಡು ಮೇಲೆ ತಂದಿದ್ದ. ಮೊದಲ ದಿನ ಬೆಂಚುಗಳ ಕಡೆಯಿಂದ ಯಾರೋ, "ಎಲ್ಡನ್ ಬಹಳ ಇಳಿದುಹೋಗಿದಾನಲ್ಲ, ಸೊಂಟ ಬೇರೆ ಬಂದಿದೆ" ಎಂದು ಕೂಗಿದಾಗ ಎಲ್ಲರೂ ನಕ್ಕಿದ್ದರು. ರೋಂಡಾ ಕವಚದ ಒಳಗೇ ಕೆಂಪಾಗಿದ್ದಳು. ಮುಖಗವಚದ ಒಂದು ಉಪಕಾರವೆಂದರೆ ಅದೇ, ಒಳಗಿರುವವರ ಮುಖ ಯಾರಿಗೂ ಬೇಕಾಗಿರುವುದಿಲ್ಲ. ಮಕ್ಕಳು ಮಾತ್ರ ಎಲ್ಡನ್ನನ್ನು ಕರೆಯುತ್ತಿದ್ದಂತೆಯೇ ಅವಳನ್ನೂ, ಅಂಗಿಯ ಬಣ್ಣ ನೋಡಿ, ಬ್ಲೂ ಎಂದು ಕರೆಯತೊಡಗಿದ್ದರು.

ಇವತ್ತು ಸೋತವರಿಗೆ ಈ ಬೇಸಿಗೆಯ ಆಟ ಮುಗಿಯುತ್ತಿತ್ತು. ಕೊನೆಯ ಇನಿಂಗ್ಸ್. ಟ್ರೀನಾಳ ಹುಡುಗರು ಒಂದೇ ಒಂದು ರನ್ನು ಮುಂದಿದ್ದರು, ಚೆಂಡು ಎಸೆಯುತ್ತಿದ್ದವನು ಟ್ರೀನಾಳ ಮಗ ಕಾರ್ಬಿನ್. ಟ್ರೀನಾ ಟೈರು ಅಂಗಡಿಯಲ್ಲಿ ಕೆಲಸ ಮಾಡುವವಳು. ಉಗುರಿನ ಸಂದಿನ ಕಪ್ಪು ಭಾನುವಾರ ಚರ್ಚಿನಲ್ಲಿಯೂ ಹೋಗುವುದಿಲ್ಲ. ಈ ತಂಡಕ್ಕೆ ಕೋಚಾಗಲು ಯಾವ ಅಪ್ಪಂದಿರೂ ಮುಂದೆ ಬರದಿದ್ದಾಗ, ಆಟವೇ ಗೊತ್ತಿಲ್ಲದ ಅವಳು ನಿಯಮದ ಪುಸ್ತಕವನ್ನು ಅಂಗಡಿಯಲ್ಲಿಟ್ಟುಕೊಂಡು, ಗಿರಾಕಿಗಳು ಇಲ್ಲದಾಗ ಓದಿ ಕೋಚಾದಳು. ಕಾರ್ಬಿನ್ ಹನ್ನೊಂದು ವರ್ಷದ ಸಣಕಲ, ಕಿವಿ ಟೋಪಿಯನ್ನು ಎತ್ತಿ ಹಿಡಿದಂತೆ ಕಾಣುತ್ತಿತ್ತು. ಮಧ್ಯಾಹ್ನವೆಲ್ಲ ಚೆನ್ನಾಗಿ ಎಸೆದಿದ್ದ. ಕೊನೆಯ ಇನಿಂಗ್ಸಿನಲ್ಲಿ, ಗೆಲುವು ಕೈಗೆ ಸಿಗುವಷ್ಟು ಹತ್ತಿರ ಬಂದದ್ದೇ ತಡ, ಕೈ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಚೆಂಡು ಒಮ್ಮೆ ನೆಲಕ್ಕೆ, ಒಮ್ಮೆ ಬ್ಯಾಟು ಹಿಡಿದವನ ತಲೆಯ ಮೇಲೆ. ಹೊಡೆಯಲಾಗದಂಥ ಎಸೆತ ನಾಲ್ಕು ಬಿದ್ದರೆ ಎದುರಿನವನು ಪುಕ್ಕಟೆ ಮೊದಲ ಬೇಸಿನವರೆಗೆ ನಡೆದುಹೋಗುತ್ತಾನೆ. ಹಾಗೆ ನಡೆದು ನಡೆದು ಮೂರೂ ಬೇಸು ತುಂಬಿದವು. ಇದರ ನಡುವೆ ಟ್ರೀನಾ ಒಮ್ಮೆ ಆಟ ನಿಲ್ಲಿಸಲು ಟೈಮ್ ಕೇಳಿ, ಮೈದಾನದ ಸುಣ್ಣದ ಗೆರೆ ದಾಟಿ, ಚೆಂಡು ಎಸೆಯುವ ದಿಬ್ಬದ ಮೇಲಿನ ಮಗನ ಹತ್ತಿರ ಹೋಗಿ ಭುಜ ಹಿಡಿದು ಮಾತಾಡಿ ಬಂದಳು. ಮೂರನೆಯವನೂ ನಡೆದುಹೋದ ಮೇಲೆ ಮತ್ತೆ ಹೋಗಿ ಬಂದಳು. ರೋಂಡಾ ಎರಡು ಸಲವೂ ಕಿಸೆಯ ಕಾರ್ಡಿನಲ್ಲಿ ಗೀಟು ಹಾಕಿದಳು. ಒಂದೇ ಇನಿಂಗ್ಸಿನಲ್ಲಿ ಕೋಚ್ ಮೂರನೆಯ ಸಲ ದಿಬ್ಬಕ್ಕೆ ಹೋದರೆ ಎಸೆಯುವವನನ್ನು ಇಳಿಸಲೇಬೇಕು.

ಮದುವೆಯಾದ ಹೊಸದರಲ್ಲಿ, ಇದು ಎಂಥ ಕಟುಕರ ನಿಯಮ ಎಂದು ಅವಳು ಎಲ್ಡನ್ ಜೊತೆ ಜಗಳ ತೆಗೆದಿದ್ದಳು. ಹುಡುಗ ಅಳುತ್ತಿರುತ್ತಾನೆ, ದೊಡ್ಡವರು ಹೋಗಿ ಸಮಾಧಾನ ಮಾಡಬಾರದೆ? ಎಲ್ಡನ್ ಆಗ ಬಾಯಿ ತುಂಬ ಮಾತಾಡುತ್ತಿದ್ದ ಕಾಲ. ಮಾತಾಡುತ್ತ ಚಮಚವನ್ನು ಗಾಳಿಯಲ್ಲಿ ಆಡಿಸುತ್ತಿದ್ದ, ಮೇಜುಬಟ್ಟೆಯ ಮೇಲೆ ಸಾರು ಚೆಲ್ಲುತ್ತಿದ್ದ. "ಹೋಗ್ಬೇಡ ಅಂತ ಯಾರು ಹೇಳಿದ್ರು? ಹೋಗಲಿ. ಆದ್ರೆ ಹೋದಷ್ಟು ಸಲ ಆಟ ಅವನ ಕೈಯಿಂದ ಸ್ವಲ್ಪ ಸ್ವಲ್ಪ ಇವರ ಕೈಗೆ ಬಂದುಬಿಡುತ್ತೆ ಕಣೇ. ಕೊನೆಗೆ ಆ ಹುಡುಗ ದಿಬ್ಬದ ಮೇಲೆ ಬರೀ ನಿಂತಿರ್ತಾನೆ. ಅದಕ್ಕಿಂತ ಇಳಿಸೋದೇ ಮೇಲು." ಅವಳಿಗೆ ಆಗ ಅದು ಗಂಡಸರ ಒರಟುತನ ಎನ್ನಿಸಿತ್ತು. ಅವನ ಆ ದನಿ, ಪದಗಳು ಒಂದರ ಬೆನ್ನಿಗೊಂದು ಬಿದ್ದು ಬರುತ್ತಿದ್ದ ಆ ಧಾರಾಳ, ಈಗ ಕಿವಿಯೊಳಗೆ ಕೇಳಿ ಅವಳು ಒಂದು ಎಸೆತವನ್ನು ಸರಿಯಾಗಿ ನೋಡಲೇ ಇಲ್ಲ. ಕೆಟ್ಟ ಎಸೆತ ಎಂದು ಊಹೆಯ ಮೇಲೆ ಕೂಗಿದಳು. ಟ್ರೀನಾಳ ಬೆಂಚಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಅದು ಒಳ್ಳೆಯ ಎಸೆತವೇ ಆಗಿತ್ತೇನೋ.

ಆಗ ಕಾರ್ಬಿನ್ನನ ಬೂಟಿನ ದಾರ ಬಿಚ್ಚಿಕೊಂಡಿತು. ಅವನು ದಿಬ್ಬದ ಮೇಲೆಯೇ ಒಂದು ಮಂಡಿಯೂರಿ ಕೂತು, ಕೈಗವಸನ್ನು ಕಳಚಿ ಕಂಕುಳಿಗೆ ಸಿಕ್ಕಿಸಿ, ದಾರ ಹಿಡಿದ. ಒಂದು ಕುಣಿಕೆ ಮಾಡಿ ಇನ್ನೊಂದನ್ನು ಅದರೊಳಗೆ ತೂರಿಸಲು ಹೋಗುವಷ್ಟರಲ್ಲಿ ಮೊದಲನೆಯದು ಜಾರುತ್ತಿತ್ತು. ಮತ್ತೆ ಹಿಡಿದ, ಮತ್ತೆ ಜಾರಿತು. ಕೈಗವಸು ಕಂಕುಳಿಂದ ಬಿತ್ತು. ಎದುರು ಬೆಂಚಿನ ಯಾವನೋ ಪೋರ, "ಅಮ್ಮನ್ನ ಕರಿಯೋ, ಕಟ್ಟಿಕೊಡ್ತಾಳೆ" ಅಂದ. ಕಾರ್ಬಿನ್ ತಲೆಯೆತ್ತಲಿಲ್ಲ, ಆದರೆ ಕೆಳಗೆ ಬಗ್ಗಿದ ಅವನ ಕತ್ತಿನ ಹಿಂಭಾಗ ಕೆಂಪಾದದ್ದು, ಕಣ್ಣೀರು ಬೂಟಿನ ಮೇಲೆ ಬಿದ್ದದ್ದು ರೋಂಡಾಗೆ ಕಂಡಿತು. ಆ ಕ್ಷಣದಲ್ಲಿಯೇ ಎರಡು ಕೆಲಸಗಳು ಆದವು, ಯಾವುದು ಮೊದಲು ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ. ಆಟ ನಿಲ್ಲಲಿ ಎಂದು ಅವಳ ಎರಡೂ ಕೈ ಮೇಲೆದ್ದವು. ಟ್ರೀನಾ ಬೆಂಚಿನಿಂದ ಎದ್ದು, ಗೆರೆ ದಾಟಿ, ಎರಡು ಹೆಜ್ಜೆ ಒಳಗೆ ಬಂದಿದ್ದಳು.

ಎರಡೇ. ಮೂರನೆಯದನ್ನು ಎತ್ತಿದವಳು ಕಾಲನ್ನು ಗಾಳಿಯಲ್ಲಿಯೇ ತಡೆದಳು. ಅವಳ ಮುಖದಲ್ಲಿ, ಒಲೆಯ ಮೇಲೆ ಹಾಲಿಟ್ಟು ಮರೆತವಳ ಗಾಬರಿಯಿತ್ತು. ಕೆಳಗೆ ನೋಡಿದಳು, ಹಿಂದೆ ಉಳಿದ ಸುಣ್ಣದ ಗೆರೆಯನ್ನು ನೋಡಿದಳು, ಮಗನನ್ನು ನೋಡಿದಳು, ಬೆನ್ನು ತಿರುಗಿಸದೆ, ಬಂದ ಹೆಜ್ಜೆಗಳ ಮೇಲೆಯೇ ಹಿಂದೆ ಹಿಂದೆ ಕಾಲಿಡುತ್ತ ಹೊರಗೆ ಹೋಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು.

ಎದುರು ತಂಡದ ಕೋಚ್ ವೇಯ್ನ್ ಗ್ರೇಬರ್ ಆಗಲೇ ಮೈದಾನದೊಳಗೆ ಬರುತ್ತಿದ್ದ. ಪೈಪು ಕೆಲಸದವನು, ಅವರ ಮನೆಯ ಬಚ್ಚಲು ಕಟ್ಟಿಕೊಂಡಾಗಲೆಲ್ಲ ಬಂದು ರಿಪೇರಿ ಮಾಡಿಕೊಟ್ಟವನು, ಎಲ್ಡನ್ ಆಸ್ಪತ್ರೆಯಲ್ಲಿದ್ದಾಗ ಅವರ ಬಾಗಿಲಿನ ಹಿಮ ಎತ್ತಿಹಾಕಿದವನು. ಕೆಟ್ಟವನಲ್ಲ. ಗೆಲ್ಲಬೇಕೆಂಬ ಆಸೆ ಮಾತ್ರ ಹುಡುಗರಿಗಿಂತ ಅವನಿಗೆ ಹೆಚ್ಚು. ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಬದಿಗೆ ಉಗಿದು, ದನಿ ಏರಿಸದೆ, ಅದು ಮೂರನೆಯ ಸಲವಲ್ಲವೇ ಎಂದು ಕೇಳಿದ. ಟ್ರೀನಾ ಗೆರೆಯ ಆಚೆಯಿಂದಲೇ, ನಾನು ಹೋಗಲಿಲ್ಲ, ಒಂದು ಮಾತೂ ಆಡಲಿಲ್ಲ, ಎಂದಳು. ಗೆರೆ ದಾಟಿದೆ ತಾನೆ, ಎಂದ ವೇಯ್ನ್. ಬೆಂಚುಗಳ ಕಡೆಯಿಂದ ಒಬ್ಬ, ಹುಡುಗನಿಗೆ ಏಟಾಗಿದ್ದರೆ ಲೆಕ್ಕಕ್ಕಿಲ್ಲ ಎಂದು ಕೂಗಿದ; ಇನ್ನೊಬ್ಬ, ಲೇಸು ಬಿಚ್ಚಿಕೊಂಡದ್ದು ಯಾವ ಸೀಮೆ ಏಟು ಎಂದ; ಕೆಲವರು ನಕ್ಕರು. ವೇಯ್ನ್ ಇದನ್ನೆಲ್ಲ ಕೈಯಾಡಿಸಿ ತಳ್ಳಿಹಾಕಿ ರೋಂಡಾ ಮುಂದೆ ಬಂದು ನಿಂತ.

"ಬೇರೇನೂ ಬೇಡ ರೋಂಡಾ. ಒಂದೇ ಒಂದು ಹೇಳು. ನೀನು ಟೈಮ್ ಅಂತ ಕೈ ಎತ್ತಿದ್ಯೋ ಇಲ್ವೋ? ನೀನು ಟೈಮ್ ಕೊಟ್ಟು, ಅವಳು ಗೆರೆ ದಾಟಿದ್ಲು ಅಂದ್ರೆ ಮುಗೀತು, ಹುಡುಗ ಇಳೀಬೇಕು."

ಎತ್ತಿದ್ದಳು. ಅದರಲ್ಲಿ ಸಂಶಯವಿರಲಿಲ್ಲ. ಆದರೆ ಎತ್ತಲಿಲ್ಲ ಎಂದರೆ ನಡೆಯುತ್ತಿತ್ತು. ಎಲ್ಲರ ಕಣ್ಣೂ ಹುಡುಗನ ಬೂಟಿನ ಮೇಲಿತ್ತು. ವೇಯ್ನ್‌ಗೂ ಖಾತ್ರಿಯಿಲ್ಲ, ಅದಕ್ಕೇ ಕೇಳುತ್ತಿದ್ದಾನೆ. ಮುಖಗವಚ ಸರಿಮಾಡಿಕೊಳ್ಳಲು ಕೈ ಎತ್ತಿದೆ ಎನ್ನಬಹುದು. ಟೈಮ್ ಇಲ್ಲದೆ ಒಳಗೆ ಬಂದದ್ದಕ್ಕೆ ಟ್ರೀನಾಗೆ ಒಂದು ಎಚ್ಚರಿಕೆ ಕೊಟ್ಟು ಆಟ ಮುಂದುವರಿಸಬಹುದು. ಹುಡುಗ ಉಳಿಯುತ್ತಾನೆ. ಸುಳ್ಳು ಬಾಯಿಯವರೆಗೆ ಬಂದು, ಎಷ್ಟು ಸಲೀಸಾಗಿ ನಾಲಿಗೆಯ ಮೇಲೆ ಕೂತಿತೆಂದರೆ ಅವಳಿಗೇ ದಿಗಿಲಾಯಿತು. ಈ ಕೈಗಳ ಗುಣವೇ ಹೀಗೆ. ಅವಳನ್ನು ಕೇಳದೆ ಏಳುತ್ತವೆ, ಗುಂಡಿ ಹಾಕುತ್ತವೆ, ಬಾಯಿ ಒರೆಸುತ್ತವೆ. ಇವತ್ತು ಒಬ್ಬ ಹುಡುಗ ಅಳುವುದನ್ನು ಊರು ನೋಡಬಾರದು ಎಂದು ಎದ್ದವು, ಎದ್ದು ಅವನಮ್ಮನಿಗೆ ಬಾಗಿಲು ತೆರೆದುಕೊಟ್ಟವು. ಬಹುಶಃ ಟ್ರೀನಾ ಒಳಗೆ ಕಾಲಿಟ್ಟದ್ದೇ ಅವು ಎದ್ದದ್ದನ್ನು ನೋಡಿ. ಹಾಗಿದ್ದರೆ ಆ ಎರಡು ಹೆಜ್ಜೆಗಳಲ್ಲಿ ಒಂದಾದರೂ ತನ್ನದು. ಈಗ ಅದೇ ಕೈ ಬೆನ್ನ ಹಿಂದೆ ಅಡಗಿ, ನಾನು ಅಲ್ಲ ಎನ್ನಬೇಕೆ?

ಅವಳ ಮೌನವನ್ನು ವೇಯ್ನ್ ಬೇರೆ ರೀತಿ ತಿಳಿದ. ಅವಳಿಗೆ ನಿಯಮ ಗೊತ್ತಾಗುತ್ತಿಲ್ಲ ಎಂದುಕೊಂಡ. ಅವನ ದನಿ ಮೆತ್ತಗಾಯಿತು. ಆ ಮೆತ್ತಗಿನ ದನಿಯೇ ಅವಳಿಗೆ ಚುಚ್ಚಿತು. "ಹೋಗ್ಲಿ ಬಿಡು, ತಲೆ ಕೆಡಿಸ್ಕೋಬೇಡ. ಎಲ್ಡನ್ ಅಲ್ಲೇ ಕೂತಿದಾನಲ್ಲ, ಎಲ್ಲಾ ನೋಡಿರ್ತಾನೆ. ಅವನನ್ನೇ ಕೇಳೋಣ. ಅವನೇನ್ ಅಂತಾನೋ ಅದಕ್ಕೆ ನಾನು ಸೈ." ಹಾಗೆಂದು ತಂತಿಬಲೆಯ ಕಡೆ ತಿರುಗಿ, ಹಳೆಯ ಗೆಳೆಯನನ್ನು ಕರೆಯುವಂತೆ ಕರೆದ. "ಏನಯ್ಯ ಎಲ್ಡನ್, ನೀನೇ ಹೇಳು. ಹುಡುಗ ಇಳೀಬೇಕೋ ಬೇಡ್ವೋ?"

ಬೆಣ್ಣೆಯ ಕಾವಲಿಯ ಚುರುಚುರು ಕೂಡ ಕೇಳಿಸಿತು. ಬೆಂಚುಗಳ ಮೇಲಿದ್ದವರೆಲ್ಲ ಒಂದೇ ಸಲಕ್ಕೆ ಎಲ್ಡನ್ ಕಡೆ ತಿರುಗಿದರು. ಅವನಿಗೆ ಮಾತು ಹೋಗಿದೆ ಎಂದು ಊರಿಗೆಲ್ಲ ಗೊತ್ತು, ಆದರೆ ಎಷ್ಟು ಹೋಗಿದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ರೋಂಡಾ ನೋಡಿಕೊಂಡಿದ್ದಳು. ವೇಯ್ನ್‌ಗೂ ಗೊತ್ತಿಲ್ಲ, ಬಂದಾಗಲೆಲ್ಲ ಅವಳೇ ಬಾಗಿಲಲ್ಲಿ ನಿಂತು ಮಾತಾಡಿ ಕಳಿಸಿದ್ದಳು. ಅವಳು ಮುಖಗವಚ ಕಿತ್ತು ತಲೆಯ ಮೇಲೆ ಸರಿಸಿ ಬಲೆಯ ಹತ್ತಿರ ನಡೆದಳು. ಅವನಿಗೆ ದಣಿವಾಗಿದೆ, ಅವನನ್ನು ಕೇಳಬೇಡ, ನಾನೇ ಹೇಳುತ್ತೇನೆ, ಎಂಬ ಮಾತು ಆಗಲೇ ಸಿದ್ಧವಾಗಿ ನಿಂತಿತ್ತು. ಎಲ್ಡನ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಎಡಗೈಯಿಂದ ಬಲೆಯ ತಂತಿ ಹಿಡಿದ. ಅವನ ನಾಲಿಗೆ ಹಲ್ಲಿಗೆ ತಾಗಿತು, ಬಿಟ್ಟಿತು. ಕತ್ತಿನ ನರ ಉಬ್ಬಿತು. ಮೊದಲ ಅಕ್ಷರ ಬಂತು, ಅಲ್ಲಿಗೇ ನಿಂತಿತು, ಮತ್ತೆ ಅದೇ ಅಕ್ಷರ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಬ್ಬ ಅಜ್ಜಿ ತನ್ನ ಚೀಲದಲ್ಲಿ ಏನನ್ನೋ ಹುಡುಕುವವಳಂತೆ ತಲೆ ಬಗ್ಗಿಸಿದಳು. ವೇಯ್ನ್‌ನ ಮುಖ ಸಣ್ಣದಾಯಿತು. ತಾನು ಏನು ಮಾಡಿಬಿಟ್ಟೆ ಎಂದು ಅವನಿಗೆ ತಿಳಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ರೋಂಡಾ ಬಲೆಯ ಈಚೆ, ಅವನ ಮುಖದಿಂದ ಒಂದು ಮೊಳ ದೂರದಲ್ಲಿ ನಿಂತಿದ್ದಳು. ಅವನ ಕಣ್ಣು ನೋಡಿದಳು. ಆ ಕಣ್ಣಿನಲ್ಲಿ ಬೇಡಿಕೆಯಿರಲಿಲ್ಲ. ಇಷ್ಟು ದಿನ ಅದು ಬೇಡಿಕೆ ಎಂದೇ ಅವಳು ಓದಿಕೊಂಡಿದ್ದಳು, ನನ್ನ ಬದಲು ನೀನು ಹೇಳು ಎಂಬ ಬೇಡಿಕೆ. ಹತ್ತಿರದಿಂದ, ಹಗಲಿನಲ್ಲಿ, ಊರಿನ ಕಣ್ಣೆದುರು ನೋಡಿದಾಗ ಅಲ್ಲಿದ್ದದ್ದು ಕೆಲಸದಲ್ಲಿ ಮುಳುಗಿದವನ ಗಮನ ಮಾತ್ರ. ಭಾರದ ಪೆಟ್ಟಿಗೆಯೊಂದನ್ನು ಮೆಟ್ಟಿಲೇರಿಸುತ್ತಿರುವವನು, ದಾರಿ ಬಿಡು ಎಂದು ಬಾಯಲ್ಲಿ ಹೇಳಲೂ ಪುರಸೊತ್ತಿಲ್ಲದವನು, ಹೇಗೆ ನೋಡುತ್ತಾನೋ ಹಾಗೆ. ಅವಳು ಬಾಯಿ ತೆರೆದಿದ್ದಳು. ಮುಚ್ಚಿದಳು. ಕೈಗಳು ಏಳದಂತೆ ಎದೆಗವಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಯುವುದು ಇಷ್ಟು ಮೈಮುರಿಯುವ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ.

"ನಿ…" ಎಂದ ಎಲ್ಡನ್. "ನಿ… ನಿಂದು." ಉಸಿರು ತೆಗೆದುಕೊಂಡ. ಇನ್ನೂ ಇತ್ತು, ಅದೂ ಬರಬೇಕಿತ್ತು. "ಮೈ… ಮೈದಾನ. ನಿಂದು."

ಹೇಳಿ, ಬಲೆಯಿಂದ ಕೈ ತೆಗೆದು, ಹಿಂದಕ್ಕೆ ಒರಗಿ ಕೂತ. ಹಣೆಯ ಮೇಲೆ ಬೆವರಿತ್ತು. ಬೆಂಚುಗಳಲ್ಲಿ ಯಾರೋ ಮೆಲ್ಲಗೆ ನಕ್ಕರು, ಆದರೆ ಅದು ಬೇರೆ ನಗು; ಎಲ್ಡನ್ನನ ಹಳೆಯ ಜವಾಬುಗಳನ್ನು ತಿಂದು ಗೊತ್ತಿದ್ದವರ ನಗು. ರೋಂಡಾಗೆ ಒಂದು ಗಳಿಗೆ ಅವನ ಮೇಲೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ತಂದ ಪದಗಳಲ್ಲಿ ಒಂದು ತೀರ್ಪನ್ನಾದರೂ ತರಬಾರದಿತ್ತೆ? ಮರುಗಳಿಗೆ, ಚಳಿಗಾಲದಿಂದ ಈಚೆ ಅವನು ತನಗೆ ಏನಾದರೂ ಕೊಟ್ಟದ್ದು ಇದೇ ಮೊದಲು ಎನ್ನಿಸಿತು. ಇಲ್ಲ, ಅವನು ಕೊಡುತ್ತಲೇ ಇದ್ದನೇನೋ, ಅವನು ಕೈ ಚಾಚುವ ಮೊದಲೇ ತಾನು ಕಿತ್ತುಕೊಳ್ಳುತ್ತಿದ್ದೆನೇನೋ.

ಅವಳು ವೇಯ್ನ್ ಕಡೆ ತಿರುಗಿದಳು. ಟ್ರೀನಾಳನ್ನೂ ಹತ್ತಿರ ಕರೆದಳು. ಟ್ರೀನಾ ಗೆರೆಯವರೆಗೆ ಬಂದು, ಬೂಟಿನ ತುದಿ ಸುಣ್ಣಕ್ಕೆ ತಾಗದಂತೆ ನಿಂತಳು.

"ಕೈ ಎತ್ತಿದ್ದು ನಿಜ" ಎಂದಳು ರೋಂಡಾ. "ಟೈಮ್ ಕೊಟ್ಟಿದ್ದೂ ನಿಜ. ಅವಳು ಕೇಳಿದ್ಲು ಅಂತ ಕೊಟ್ಟಿದ್ದಲ್ಲ, ಹುಡುಗನ ದಾರ ಬಿಚ್ಕೊಂಡಿತ್ತು ಅಂತ ನಾನೇ ಕೊಟ್ಟಿದ್ದು. ಅವಳು ಒಳಗೆ ಕಾಲಿಟ್ಟಿದ್ದೂ ನಿಜ. ಒಂದು ಮಾತೂ ಆಡ್ಲಿಲ್ಲ, ಯಾರೂ ಹೇಳೋಕೆ ಮುಂಚೆ ತಾನೇ ವಾಪಸ್ ಹೋದ್ಲು. ಕೋಚ್ ಮಾತಾಡೋಕೆ ಅಂತ ಕೇಳಿ ಒಳಗೆ ಹೋದ್ರೆ ಲೆಕ್ಕ. ಇದು ಲೆಕ್ಕಕ್ಕಿಲ್ಲ. ಹುಡುಗ ಇರ್ತಾನೆ."

"ಅದು ಪುಸ್ತಕದಲ್ಲಿ ಎಲ್ಲಿದೆ?"

"ಪುಸ್ತಕದಲ್ಲಿ ಎರಡು ಹೆಜ್ಜೆ ಅಂತ ಎಲ್ಲೂ ಇಲ್ಲ ವೇಯ್ನ್. ಇದ್ದಿದ್ರೆ ನನ್ನ ಯಾಕೆ ಕೇಳ್ತಿದ್ದೆ? ಬೇಕಾದ್ರೆ ಲೀಗಿಗೆ ದೂರು ಕೊಡು, ಟೈಮ್ ಕೊಟ್ಟಿದ್ದು ನಿಜ ಅಂತ ನಾನೇ ಸಹಿ ಹಾಕ್ತೀನಿ. ಟ್ರೀನಾ, ಇನ್ನೊಂದು ಹೆಜ್ಜೆ ಒಳಗೆ ಬಂದ್ರೆ ಮಾತ್ರ ನಾನು ಏನೂ ಮಾಡೋಕಾಗಲ್ಲ."

ಟ್ರೀನಾ ತಲೆಯಾಡಿಸಿದಳು. ವೇಯ್ನ್ ಏನೋ ಹೇಳಹೊರಟವನು ಬಲೆಯ ಕಡೆ ಒಮ್ಮೆ ನೋಡಿ, ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು ತನ್ನ ಬೆಂಚಿಗೆ ಹೋದ. ಅವನು ದೂರು ಕೊಡುತ್ತಾನೆ, ರೋಂಡಾಗೆ ಗೊತ್ತಿತ್ತು. ಲೀಗಿನವರು ಅವಳದು ತಪ್ಪೆಂದರೂ ಅನ್ನಬಹುದು.

ದಾರ ಇನ್ನೂ ಬಿಚ್ಚಿಯೇ ಇತ್ತು. ಈ ಗಲಾಟೆಯಲ್ಲಿ ಎಲ್ಲರೂ ಅದನ್ನು ಮರೆತಿದ್ದರು, ಕಾರ್ಬಿನ್ ಕೂಡ. ಅವನು ಮತ್ತೆ ಮಂಡಿಯೂರಿದ. ಎಸೆತ ಹಿಡಿಯುವ ಕ್ಯಾಚರ್ ಹುಡುಗ ಸಹಾಯಕ್ಕೆ ಹೋಗಲೇ ಎಂಬಂತೆ ರೋಂಡಾಳನ್ನು ನೋಡಿದ. ಹೋಗುವುದಕ್ಕೆ ಅವನಿಗೆ ಅಡ್ಡಿಯೇನೂ ಇರಲಿಲ್ಲ, ಅವಳು ಬೇಡ ಎನ್ನಲೂ ಇಲ್ಲ, ಆದರೆ ಅವನು ಅವಳ ಮುಖದಲ್ಲಿ ಏನು ಕಂಡನೋ, ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಕಾರ್ಬಿನ್ ಒಂದು ಕುಣಿಕೆ ಮಾಡಿದ, ಹೆಬ್ಬೆರಳಿನಲ್ಲಿ ಒತ್ತಿಹಿಡಿದ. ಇನ್ನೊಂದನ್ನು ಸುತ್ತಿದ. ಜಾರಿತು. ಟ್ರೀನಾ ಗೆರೆಯ ಅಂಚಿನಲ್ಲಿ, ಕೈಯನ್ನು ಪ್ಯಾಂಟಿನ ಕಿಸೆಯೊಳಗೆ ಮೊಣಕೈವರೆಗೆ ತುರುಕಿಕೊಂಡವಳಂತೆ ನಿಂತು, ತುಟಿ ಕಚ್ಚಿದ್ದಳು. ಅವಳ ಬೆರಳುಗಳು ಕಿಸೆಯೊಳಗೇ ಆ ದಾರವನ್ನು ಕಟ್ಟುತ್ತಿರುವುದು ಬಟ್ಟೆಯ ಮೇಲಿಂದ ಕಾಣುತ್ತಿತ್ತು. ರೋಂಡಾ ಅವಳನ್ನು ನೋಡಿ ಕಣ್ಣು ತೆಗೆದಳು. ತನ್ನನ್ನು ತಾನೇ ಬರಿಮೈಯಲ್ಲಿ ನೋಡಿಕೊಂಡಂತಾಯಿತು. ಹೀಗೆ ನಿಲ್ಲುವುದಕ್ಕೆ ಎಷ್ಟು ಪ್ರೀತಿ ಬೇಕು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಸುಮ್ಮನೆ ನಿಂತ ಹೆಂಗಸು ಎಂದಷ್ಟೇ ಕಾಣುತ್ತದೆ. ಎಷ್ಟು ಹೊತ್ತಾಯಿತೋ. ಹುಡುಗ ಕೊನೆಗೆ ಎರಡು ಕುಣಿಕೆಗಳನ್ನು ಒಂದಕ್ಕೊಂದು ಹೊಸೆದು, ಚಿಕ್ಕ ಮಕ್ಕಳು ಕಟ್ಟುವ ಹಾಗೆ ಒಡ್ಡೊಡ್ಡಾಗಿ ಗಂಟು ಹಾಕಿ ಎದ್ದುನಿಂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಒಳ್ಳೆಯದೇ ಆಯಿತು.

ಅವನು ಎಸೆದ. ಒಳ್ಳೆಯ ಎಸೆತ, ಈ ಸಲ ರೋಂಡಾ ಕಣ್ಣಿಟ್ಟು ನೋಡಿ, ಗಟ್ಟಿಯಾಗಿ ಕೂಗಿ ಹೇಳಿದಳು. ಮುಂದಿನದು ಕೆಟ್ಟದ್ದು. ಅದರ ಮುಂದಿನದೂ. ಕೊನೆಯದು ಅಂಚಿನ ಎಸೆತ, ಚೆಂಡು ಕ್ಯಾಚರ್‌ನ ಕೈಗೆ ಬಿದ್ದ ಸದ್ದು ಎಷ್ಟು ಚಂದವಾಗಿತ್ತೆಂದರೆ ಒಳ್ಳೆಯದೆಂದು ಕೂಗಲು ಅವಳ ಬಲಗೈ ಅರ್ಧ ಎದ್ದಿತ್ತು. ಆದರೆ ಚೆಂಡು ಒಂದು ಬೆರಳಿನಷ್ಟು ಹೊರಗಿತ್ತು. ಅವಳು ಕೈಯನ್ನು ಅಲ್ಲಿಗೇ ತಡೆದು, ಇದ್ದದ್ದನ್ನು ಇದ್ದಂತೆ ಹೇಳಿದಳು: ಕೆಟ್ಟದ್ದು, ಮೊದಲಿನದೂ ಸೇರಿ ನಾಲ್ಕನೆಯದು. ಬ್ಯಾಟು ಹಿಡಿದವನು ಮೊದಲ ಬೇಸಿನವರೆಗೆ ನಡೆದ, ಮೂರೂ ಬೇಸು ತುಂಬಿದ್ದರಿಂದ ಮೂರನೆಯ ಬೇಸಿನಲ್ಲಿದ್ದವನು ಮನೆಬೇಸು ಸೇರಿ ಒಂದು ರನ್ನು ತಂದ. ಎರಡೂ ತಂಡ ಸಮ. ವೇಯ್ನ್‌ನ ಹುಡುಗರು ಕುಣಿದಾಡಿದರು.

ಕಾರ್ಬಿನ್ ದಿಬ್ಬದ ಮೇಲೆ ಚೆಂಡು ಹಿಡಿದು ನಿಂತು ಅಮ್ಮನ ಕಡೆ ನೋಡಿದ. ಟ್ರೀನಾ ಕದಲಲಿಲ್ಲ. ಇರು ಎಂದೂ ಸನ್ನೆ ಮಾಡಲಿಲ್ಲ, ಬಾ ಎಂದೂ ಮಾಡಲಿಲ್ಲ. ಹುಡುಗ ಚೆಂಡನ್ನು ನೋಡಿದ, ತನ್ನ ಬಲಗೈಯನ್ನು ನೋಡಿದ, ಪರಿಚಯದ ಯಾರನ್ನೋ ನೋಡುವ ಹಾಗೆ. ಆಮೇಲೆ ದಿಬ್ಬ ಇಳಿದು ಮೊದಲ ಬೇಸಿನ ಹತ್ತಿರ ನಿಂತಿದ್ದ ತನ್ನ ತಂಡದ ಉದ್ದನೆಯ ಹುಡುಗಿಯ ಬಳಿಗೆ ನಡೆದುಹೋಗಿ, ಚೆಂಡನ್ನು ಅವಳ ಕೈಗಿತ್ತ. "ನನ್ ಕೈ ಸೋತಿದೆ. ನೀನು ಎಸಿ" ಎಂದ. ಅಳುತ್ತಿರಲಿಲ್ಲ. ಹುಡುಗಿ ಚೆಂಡು ತೆಗೆದುಕೊಂಡು, "ನಿನ್ ಜಾಗದಲ್ಲಿ ಬಿಸಿಲು ಜಾಸ್ತಿ ಮಾರಾಯ" ಎಂದು ಗೊಣಗಿ ದಿಬ್ಬದ ಕಡೆ ಹೊರಟಳು. ಕಾರ್ಬಿನ್ ಅವಳ ಜಾಗದಲ್ಲಿ, ಮೊದಲ ಬೇಸಿನ ಹತ್ತಿರ, ಮೊಣಕಾಲು ಬಗ್ಗಿಸಿ ಸಿದ್ಧನಾಗಿ ನಿಂತ.

ರೋಂಡಾ ಟ್ರೀನಾಳನ್ನು ನೋಡಿದಳು. ಬದಲಾವಣೆ ಹೇಳಬೇಕಾದವಳು ಕೋಚ್. ಟ್ರೀನಾ ಬೆರಳಿನಿಂದ ಮೊದಲು ಹುಡುಗಿಯನ್ನು, ಆಮೇಲೆ ಮಗನನ್ನು ತೋರಿಸಿ ತಲೆಯಾಡಿಸಿದಳು. ಅಷ್ಟು ಸಾಕಾಗಿತ್ತು, ಮಾತನ್ನು ಅವಳ ಬಾಯಿಂದ ಎಳೆಯಬೇಕಾಗಿರಲಿಲ್ಲ. ರೋಂಡಾ ಕಾರ್ಡಿನಲ್ಲಿ ಇಬ್ಬರ ಜಾಗ ಬದಲಿಸಿ ಬರೆದಳು. ವೇಯ್ನ್ ತನ್ನ ಬೆಂಚಿನ ಅಂಚಿಗೆ ಬಂದು ಸಿಪ್ಪೆ ಉಗಿದು, ಇದಾದರೂ ಪುಸ್ತಕದಲ್ಲಿದೆಯಾ ಎಂದ. ಇದೆ ಎಂದಳು ರೋಂಡಾ. ಅವನು, "ನಮ್ಮೆಲ್ಲರಿಗಿಂತ ಆ ಹುಡುಗನಿಗೇ ನಿಯಮ ಚೆನ್ನಾಗಿ ಗೊತ್ತು ಬಿಡು" ಎಂದು ಬೇರೆ ಕಡೆ ನೋಡಿದ.

ಉದ್ದನೆಯ ಹುಡುಗಿ ಕೈ ಬಿಸಿ ಮಾಡಿಕೊಳ್ಳಲು ಎಸೆಯತೊಡಗಿದಳು. ರೋಂಡಾ ಬಗ್ಗಿ ಮನೆಬೇಸಿನ ಧೂಳು ಗುಡಿಸಿ ಎದ್ದಳು. ಹಿಂದೆ, ಬಲೆಯಾಚೆ, ವೇಯ್ನ್‌ನ ಗುಂಪಿನ ಯಾರೋ ಕುರ್ಚಿ ಎಳೆದುಕೊಂಡು ಎಲ್ಡನ್ ಪಕ್ಕ ಕೂತ ಸದ್ದಾಯಿತು. ಆ ಕೊನೆಯ ಎಸೆತ ನಿನಗೆ ಹೇಗೆ ಕಾಣಿಸಿತು ಎಂದು ಕೇಳುತ್ತಿದ್ದರು. ಎಲ್ಡನ್ ಉತ್ತರ ಶುರುಮಾಡಿದ. ಮೊದಲ ಅಕ್ಷರ ಬಂತು, ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಅವಳ ಬೆನ್ನೆಲ್ಲ ಕಿವಿಯಾಯಿತು. ಎಸೆತ ಹೊರಗಿತ್ತು ಅನ್ನುತ್ತಾನೋ, ಒಳಗಿತ್ತು, ನನ್ನ ಹೆಂಡತಿಗೆ ಕಣ್ಣಿಲ್ಲ ಅನ್ನುತ್ತಾನೋ. ಪಕ್ಕದಲ್ಲಿ ಕೂತವರು ಯಾರೋ, ಅವಸರವಿಲ್ಲದೆ, ಹೂಂ ಎಂದರು. ರೋಂಡಾ ಮುಖಗವಚ ಕೆಳಗೆಳೆದುಕೊಂಡು, ತಿರುಗದೆ, ದಿಬ್ಬದ ಮೇಲಿನ ಹುಡುಗಿಗೆ ಆಡು ಎಂದು ಬೆರಳು ತೋರಿಸಿದಳು.